ಫರ್ಮ್‌ವೇರ್ ಮೆಮೊರಿ ಕೋಷ್ಟಕಗಳನ್ನು ಓದುವ ಕರ್ನಲ್ ಕೋಡನ್ನು ಪರಿಶೀಲಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಯಂತ್ರದಲ್ಲಿ ಎಷ್ಟು ಮೆಮೊರಿ ಇದೆ, ಅದು ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ಹರಡಿದೆ, ಅದರಲ್ಲಿ ಯಾವ ಭಾಗವನ್ನು ಮುಟ್ಟಬಾರದು, ಯಾವ ಭಾಗ ಯಾವ ಪ್ರೊಸೆಸರಿಗೆ ಹತ್ತಿರ ಎಂಬುದನ್ನು ಕರ್ನಲ್, ಅಂದರೆ ಕಾರ್ಯವ್ಯವಸ್ಥೆಯ ತಿರುಳು, ತಾನಾಗಿ ಅರಿಯಲಾರದು. ಬೂಟ್ ಆಗುವ ಹೊತ್ತಿಗೆ ಫರ್ಮ್‌ವೇರ್ (ಯಂತ್ರದೊಳಗೇ ಇರುವ ಆರಂಭಿಕ ತಂತ್ರಾಂಶ) ಸಿದ್ಧಪಡಿಸಿಟ್ಟ ಕೋಷ್ಟಕಗಳನ್ನು ಓದಿಯೇ ಅದು ಈ ಚಿತ್ರವನ್ನು ಕಟ್ಟಿಕೊಳ್ಳುತ್ತದೆ. ಹಳೆಯ ಬಯಾಸ್ ಕೊಡುವ ಇ820 ನಕ್ಷೆ, ಯುಇಎಫ್‌ಐ ಕೊಡುವ ಮೆಮೊರಿ ನಕ್ಷೆ, ಎಸಿಪಿಐ ಎಂಬ ಮಾನದಂಡದ ಎಸ್‌ಆರ್‌ಎಟಿ (ಯಾವ ಮೆಮೊರಿ, ಪ್ರೊಸೆಸರ್ ಯಾವ ವಲಯದ್ದು), ಎಸ್‌ಎಲ್‌ಐಟಿ (ವಲಯಗಳ ನಡುವಿನ ದೂರ), ಎಚ್‌ಎಂಎಟಿ (ಮೆಮೊರಿಯ ವೇಗ) ಕೋಷ್ಟಕಗಳು, ಆರ್ಮ್ ಮತ್ತು ರಿಸ್ಕ್-ಫೈವ್ ಯಂತ್ರಗಳ ಡಿವೈಸ್ ಟ್ರೀ ಇವೆಲ್ಲ ಇದೇ ಕೆಲಸದ ಬೇರೆ ಬೇರೆ ರೂಪಗಳು. ಈ ಮಾರ್ಗದರ್ಶಿಯಲ್ಲಿ ಲಿನಕ್ಸ್ ಕರ್ನಲ್ಲಿನ ಎಕ್ಸ್86 ಭಾಗವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಕ್ರಮ ಮಾತ್ರ ಬೇರೆ ಕರ್ನಲ್‌ಗಳಿಗೂ ಹೊಂದುತ್ತದೆ.

ಇಂಥ ಕೋಡಿನ ಪರಿಶೀಲನೆ ಸಾಮಾನ್ಯ ಡ್ರೈವರಿನ ಪರಿಶೀಲನೆಗಿಂತ ಕಠಿಣ. ಕೋಡ್ ಓಡುವಾಗ ಮೆಮೊರಿ ಹಂಚುವ ವ್ಯವಸ್ಥೆ ಇನ್ನೂ ಎದ್ದು ನಿಂತಿರುವುದಿಲ್ಲ, ಎಷ್ಟೋ ಸಲ ಪರದೆಯ ಮೇಲೆ ಒಂದು ಅಕ್ಷರವೂ ಮೂಡಿರುವುದಿಲ್ಲ, ಮತ್ತು ಇಲ್ಲಾಗುವ ತಪ್ಪು ಬೂಟ್ ಮುಗಿದು ಎಷ್ಟೋ ದಿನಗಳಾದ ಮೇಲೆ ಬೇರೆಲ್ಲೋ ಕಡತ ಕೆಟ್ಟ ರೂಪದಲ್ಲಿ ಹೊರಬರಬಹುದು. ಪಹಣಿಯಲ್ಲಿ ಎರಡು ಎಕರೆ ಎಂದು ಬರೆದ ಮಾತ್ರಕ್ಕೆ ನೆಲದ ಮೇಲೆ ಎರಡು ಎಕರೆ ಇರಲೇಬೇಕೆಂದಿಲ್ಲ. ಹಾಗೆಯೇ ಕೋಷ್ಟಕದ ಪ್ರತಿಯೊಂದು ಉದ್ದ, ಎಣಿಕೆ, ವಿಳಾಸವೂ ಫರ್ಮ್‌ವೇರ್ ಮಾಡಿದ ಒಂದು ಹೇಳಿಕೆ ಮಾತ್ರ. ಆದ್ದರಿಂದ ಪರಿಶೀಲಕರು ಪ್ರತಿಯೊಂದು ಫೀಲ್ಡಿನ ಮುಂದೆ ನಿಂತು ಎರಡು ಪ್ರಶ್ನೆ ಕೇಳಬೇಕು: ಬಳಸುವ ಮೊದಲು ಇದನ್ನು ಯಾರು ಅಳೆದರು? ಇದು ಸುಳ್ಳಾಗಿದ್ದರೆ ಕರ್ನಲ್ ಏನು ಮಾಡುತ್ತದೆ? ಮೊದಲನೆಯದನ್ನು ಅನೇಕರು ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ, ಮತ್ತು ಯಂತ್ರಗಳನ್ನು ನಿಜವಾಗಿ ಕೆಡಿಸುವುದು ಎರಡನೆಯದರ ಉತ್ತರವೇ ಎಂಬುದು ನನ್ನ ದೃಢ ಅಭಿಪ್ರಾಯ.

ಹಂತ 1: ಪ್ಯಾಚ್ ತೆರೆಯುವ ಮೊದಲು ಕೋಷ್ಟಕದ ವಿನ್ಯಾಸವನ್ನು ನೀವೇ ಬರೆದುಕೊಳ್ಳಿ

ಪ್ಯಾಚನ್ನು (ಕೋಡಿಗೆ ಸೂಚಿಸಿದ ಬದಲಾವಣೆಯನ್ನು) ಮೊದಲು ಓದಿದರೆ ಅದನ್ನು ಬರೆದವರ ಕಲ್ಪನೆಯೇ ನಿಮ್ಮ ತಲೆಯಲ್ಲೂ ಕೂರುತ್ತದೆ. ಆಮೇಲೆ ಅವರು ಬಿಟ್ಟದ್ದು ನಿಮಗೂ ಕಾಣದು. ಆದ್ದರಿಂದ ಸ್ಪೆಸಿಫಿಕೇಶನ್ ತೆರೆದು, ಬೈಟ್ ಬೈಟಾಗಿ ವಿನ್ಯಾಸವನ್ನು ಕಾಗದದ ಮೇಲೆ ಇಳಿಸಿಕೊಳ್ಳಿ. ಎಸಿಪಿಐ ಸ್ಪೆಸಿಫಿಕೇಶನ್ 2013ರಿಂದ ಯುಇಎಫ್‌ಐ ಫೋರಮ್ಮಿನ ಸುಪರ್ದಿಯಲ್ಲಿದೆ, ಯಾರು ಬೇಕಾದರೂ ಉಚಿತವಾಗಿ ಓದಬಹುದು.

ಎಸ್‌ಆರ್‌ಎಟಿಯನ್ನೇ ತೆಗೆದುಕೊಳ್ಳಿ. ಎಲ್ಲ ಎಸಿಪಿಐ ಕೋಷ್ಟಕಗಳಿಗೂ ಸಾಮಾನ್ಯವಾದ 36 ಬೈಟ್‌ಗಳ ಶಿರೋಭಾಗ ಮೊದಲು ಬರುತ್ತದೆ: 4 ಬೈಟ್ ಸಹಿ, 4 ಬೈಟ್ ಒಟ್ಟು ಉದ್ದ, 1 ಬೈಟ್ ಪರಿಷ್ಕರಣೆ ಸಂಖ್ಯೆ, 1 ಬೈಟ್ ಚೆಕ್‌ಸಮ್, ಉಳಿದದ್ದು ತಯಾರಕರ ಗುರುತುಗಳು. ಅದರ ನಂತರ 12 ಬೈಟ್ ಕಾಯ್ದಿರಿಸಿದ ಜಾಗವಿದ್ದು, ನಮೂದುಗಳು 48ನೇ ಬೈಟಿನಿಂದ ಆರಂಭವಾಗುತ್ತವೆ. ಪ್ರತಿ ನಮೂದಿನ ಮೊದಲ ಬೈಟ್ ಅದರ ಬಗೆ, ಎರಡನೆಯ ಬೈಟ್ ಅದರ ಉದ್ದ. ಬಗೆ 0 ಪ್ರೊಸೆಸರಿನದು, 16 ಬೈಟ್. ಬಗೆ 1 ಮೆಮೊರಿಯದು, 40 ಬೈಟ್. ಬಗೆ 2 ಎಕ್ಸ್2ಎಪಿಐಸಿ ಪ್ರೊಸೆಸರಿನದು, 24 ಬೈಟ್. ಮೆಮೊರಿ ನಮೂದಿನಲ್ಲಿ ಸಾಮೀಪ್ಯ ವಲಯದ (ಪರಸ್ಪರ ಹತ್ತಿರವಿರುವ ಮೆಮೊರಿ, ಪ್ರೊಸೆಸರ್‌ಗಳ ಗುಂಪಿನ) ಸಂಖ್ಯೆ 2ನೇ ಆಫ್‌ಸೆಟ್‌ನಲ್ಲಿ, ಆರಂಭದ ವಿಳಾಸ 8ರಲ್ಲಿ, ಉದ್ದ 16ರಲ್ಲಿ, ಫ್ಲ್ಯಾಗ್‌ಗಳು 28ರಲ್ಲಿ ಇರುತ್ತವೆ. ವಲಯ ಸಂಖ್ಯೆ 4 ಬೈಟಿನದಾಗಿದ್ದೂ 2ನೇ ಆಫ್‌ಸೆಟ್‌ನಲ್ಲಿ ಕುಳಿತಿದೆ ಎಂಬುದನ್ನು ಗಮನಿಸಿ; ಕಂಪೈಲರ್ ತನ್ನ ಪಾಡಿಗೆ ಜೋಡಿಸಿದ ಸ್ಟ್ರಕ್ಚರಿನಲ್ಲಿ ಅದು 4ಕ್ಕೆ ಸರಿದುಬಿಡುತ್ತದೆ. ಹೊಸ ಸ್ಟ್ರಕ್ಚರ್ ಸೇರಿಸುವ ಪ್ಯಾಚಿನಲ್ಲಿ ಪ್ಯಾಕ್ ಮಾಡುವ ಸೂಚನೆ ಇದೆಯೇ ಎಂದು ಮೊದಲು ನೋಡಬೇಕಾದದ್ದು ಇದಕ್ಕಾಗಿ.

ಸ್ಪೆಸಿಫಿಕೇಶನ್ನಿನ ಇತ್ತೀಚಿನ ಆವೃತ್ತಿಯೊಂದನ್ನೇ ನೋಡಿದರೆ ಸಾಲದು. ಎಸ್‌ಆರ್‌ಎಟಿಯ 1ನೇ ಪರಿಷ್ಕರಣೆಯಲ್ಲಿ ಸಾಮೀಪ್ಯ ವಲಯದ ಸಂಖ್ಯೆ 8 ಬಿಟ್‌ಗಳದ್ದಾಗಿತ್ತು, ನಂತರ ಅದು 32 ಬಿಟ್‌ಗಳಿಗೆ ಬೆಳೆಯಿತು. ಹಳೆಯ ಫರ್ಮ್‌ವೇರ್‌ನಲ್ಲಿ ಉಳಿದ 24 ಬಿಟ್‌ಗಳ ಜಾಗದಲ್ಲಿ ಏನು ಬೇಕಾದರೂ ಇರಬಹುದು. ಅದಕ್ಕಾಗಿಯೇ ಲಿನಕ್ಸ್ ಪರಿಷ್ಕರಣೆ ಸಂಖ್ಯೆ 1 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಕೆಳಗಿನ 8 ಬಿಟ್‌ಗಳನ್ನಷ್ಟೇ ಇಟ್ಟುಕೊಂಡು ಮಿಕ್ಕದ್ದನ್ನು ಅಳಿಸುತ್ತದೆ. ಕೋಡನ್ನು ಚೊಕ್ಕಗೊಳಿಸುವ ಉತ್ಸಾಹದಲ್ಲಿ ಯಾರಾದರೂ ಇಂಥ ಒಂದು ಸಾಲನ್ನು ತೆಗೆದರೆ, ಅದು ಏಕಿತ್ತು ಎಂದು ಹೇಳಬಲ್ಲವರು ಪರಿಶೀಲಕರು ಮಾತ್ರ.

ಹಂತ 2: ದತ್ತಾಂಶ ಎಲ್ಲಿಂದ ಬಂತು, ಎಷ್ಟು ಹೊತ್ತು ಇರುತ್ತದೆ ಎಂದು ಗುರುತಿಸಿ

ಕೋಷ್ಟಕಗಳು ಭೌತಿಕ ಮೆಮೊರಿಯಲ್ಲಿರುತ್ತವೆ. ಬೂಟಿನ ಆರಂಭದಲ್ಲಿ ಕರ್ನಲ್ ಅವನ್ನು ತಾತ್ಕಾಲಿಕವಾಗಿ ಮ್ಯಾಪ್ ಮಾಡಿಕೊಂಡು ಓದುತ್ತದೆ. ಎಕ್ಸ್86 ಲಿನಕ್ಸಿನಲ್ಲಿ ಈ ಆರಂಭಿಕ ಮ್ಯಾಪಿಂಗಿಗೆ ಇರುವುದು 8 ಸ್ಲಾಟ್‌ಗಳು, ಒಂದೊಂದರಲ್ಲಿ 64 ಪುಟ, ಅಂದರೆ 256 ಕಿಲೋಬೈಟ್ ಮಾತ್ರ. ಆದ್ದರಿಂದ ಪ್ರತಿಯೊಂದು ಮ್ಯಾಪಿಗೂ ಎಲ್ಲ ದಾರಿಗಳಲ್ಲೂ, ವಿಶೇಷವಾಗಿ ದೋಷ ಬಂದು ಹೊರಬೀಳುವ ದಾರಿಗಳಲ್ಲಿ, ಬಿಡುಗಡೆ ಇದೆಯೇ ಎಂದು ಬೆರಳಿಟ್ಟು ಎಣಿಸಿ. ಬಿಡುಗಡೆಯ ನಂತರವೂ ಕೋಷ್ಟಕದ ಒಳಗೆ ಬೊಟ್ಟು ಮಾಡುವ ಪಾಯಿಂಟರ್ ಯಾವುದಾದರೂ ಜಾಗತಿಕ ಚರದಲ್ಲಿ ಉಳಿದಿದೆಯೇ ಎಂಬುದು ಇನ್ನೊಂದು ಪ್ರಶ್ನೆ. ಮೌಲ್ಯವನ್ನು ನಕಲು ಮಾಡಿಕೊಳ್ಳಬೇಕಾದಲ್ಲಿ ವಿಳಾಸವನ್ನು ಇಟ್ಟುಕೊಂಡ ಕೋಡ್, ಆ ಸ್ಲಾಟ್ ಬೇರೊಂದಕ್ಕೆ ಬಳಕೆಯಾದ ಮೇಲೆ ಇನ್ಯಾವುದೋ ಕೋಷ್ಟಕದ ಬೈಟ್‌ಗಳನ್ನು ಓದುತ್ತದೆ.

ಮ್ಯಾಪ್ ಮಾಡುವ ಉದ್ದ ಎಲ್ಲಿಂದ ಬಂತೆಂಬುದನ್ನೂ ನೋಡಿ. ಶಿರೋಭಾಗದ 36 ಬೈಟ್ ಮ್ಯಾಪ್ ಮಾಡಿ, ಅದರಲ್ಲಿರುವ ಉದ್ದವನ್ನು ಓದಿ, ಆ ಉದ್ದ 36ಕ್ಕಿಂತ ಕಡಿಮೆಯಿಲ್ಲವೆಂದು ಖಚಿತಪಡಿಸಿಕೊಂಡು, ನಂತರ ಪೂರ್ತಿ ಮ್ಯಾಪ್ ಮಾಡುವುದು ಸರಿಯಾದ ಕ್ರಮ.

ಹಂತ 3: ನಮೂದುಗಳ ಲೂಪನ್ನು ಬೈಟ್‌ಗಳ ಲೆಕ್ಕದಲ್ಲಿ ನಡೆದು ನೋಡಿ

ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಗೆ. ಲೂಪನ್ನು ಓದಿ ತಲೆಯಾಡಿಸಿ ಮುಂದೆ ಹೋಗಬೇಡಿ; ಒಂದು ಸುಳ್ಳು ಕೋಷ್ಟಕವನ್ನು ಕಲ್ಪಿಸಿಕೊಂಡು ಕೈಯಾರೆ ಓಡಿಸಿ.

ಎಸ್‌ಆರ್‌ಎಟಿಯ ಒಟ್ಟು ಉದ್ದ 100 ಎಂದು ಶಿರೋಭಾಗ ಹೇಳುತ್ತಿದೆ ಎಂದುಕೊಳ್ಳಿ. 48ರಲ್ಲಿ ಮೊದಲ ಮೆಮೊರಿ ನಮೂದು, 40 ಬೈಟ್. ಅದು 88ಕ್ಕೆ ಮುಗಿಯುತ್ತದೆ. 88ರಿಂದ 100ರವರೆಗೆ ಉಳಿದಿರುವುದು 12 ಬೈಟ್. ಆ 12ರ ಮೊದಲ ಬೈಟ್ 1, ಎರಡನೆಯ ಬೈಟ್ 40 ಎಂದು ಹೇಳುತ್ತದೆ. ನಮೂದಿನ 2 ಬೈಟ್ ಶಿರೋಭಾಗ ಕೋಷ್ಟಕದೊಳಗೆ ಹಿಡಿಸುತ್ತದೆ ಎಂಬುದನ್ನಷ್ಟೇ ನೋಡುವ ಲೂಪ್ ಇದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನಂತರ ಮೆಮೊರಿ ನಮೂದಿನ ಹ್ಯಾಂಡ್ಲರ್ ನಮೂದಿನ ಉದ್ದ 40 ಇದೆಯೇ ಎಂದು ಕೇಳುತ್ತದೆ, ಇದೆ. ಆಮೇಲೆ ಅದು 128ನೇ ಬೈಟಿನವರೆಗೆ, ಕೋಷ್ಟಕದಾಚೆಗೆ 28 ಬೈಟ್ ಓದಿ, ಅಲ್ಲಿದ್ದ ಕಸವನ್ನು ಫ್ಲ್ಯಾಗ್ ಎಂದೂ ಉದ್ದ ಎಂದೂ ನಂಬುತ್ತದೆ. ಎರಡೂ ಕಡೆ ತಪಾಸಣೆ ಇತ್ತು, ಆದರೂ ತಪ್ಪಾಯಿತು. ಏಕೆಂದರೆ ನಮೂದು ತಾನು ಹೇಳಿಕೊಂಡ ಉದ್ದದೊಂದಿಗೆ ಕೋಷ್ಟಕದ ಅಂತ್ಯದೊಳಗೆ ಮುಗಿಯುತ್ತದೆಯೇ ಎಂಬ ಮೂರನೆಯ ತಪಾಸಣೆ ಇರಲಿಲ್ಲ. ಶಿರೋಭಾಗ ಹಿಡಿಸಬೇಕು, ಹೇಳಿಕೊಂಡ ಉದ್ದ ಹಿಡಿಸಬೇಕು, ಹೇಳಿಕೊಂಡ ಉದ್ದ ಆ ಬಗೆಯ ಸ್ಟ್ರಕ್ಚರಿಗೆ ಸಾಲಬೇಕು. ಈ ಮೂರೂ ಬೇಕು, ಮತ್ತು ಅವು ಫೀಲ್ಡ್ ಓದುವ ಮೊದಲೇ ಆಗಬೇಕು.

ಮೂರರಲ್ಲಿ ಯಾವುದನ್ನು ಯಾರು ಮಾಡುತ್ತಾರೆ ಎಂಬುದನ್ನು ಪ್ಯಾಚ್ ಸ್ಪಷ್ಟವಾಗಿ ಹೇಳುವಂತೆ ಒತ್ತಾಯಿಸಿ. ಸಾಮಾನ್ಯ ಲೂಪ್ ಒಂದು ಕಡತದಲ್ಲಿ, ಹ್ಯಾಂಡ್ಲರ್ ಇನ್ನೊಂದು ಕಡತದಲ್ಲಿ ಇದ್ದಾಗ ಲೂಪ್ ಬರೆದವರು ಹ್ಯಾಂಡ್ಲರ್ ನೋಡಿಕೊಳ್ಳುತ್ತದೆಂದೂ, ಹ್ಯಾಂಡ್ಲರ್ ಬರೆದವರು ಲೂಪ್ ನೋಡಿಕೊಂಡಿದೆಯೆಂದೂ ಭಾವಿಸಿರುತ್ತಾರೆ. ಪ್ಯಾಚಿನ ವ್ಯತ್ಯಾಸವನ್ನಷ್ಟೇ ಓದುವ ಪರಿಶೀಲಕರಿಗೆ ಈ ಬಿರುಕು ಎಂದೂ ಕಾಣದು. ಎರಡೂ ಕಡತಗಳನ್ನು ಪೂರ್ತಿ ತೆರೆದಿಟ್ಟುಕೊಳ್ಳಲೇಬೇಕು.

ಇನ್ನು ಉದ್ದ 0 ಆಗಿರುವ ನಮೂದು. ಪಾಯಿಂಟರ್ ಮುಂದೆ ಸರಿಯದೆ ಲೂಪ್ ಎಂದೆಂದಿಗೂ ಅಲ್ಲೇ ಸುತ್ತುತ್ತದೆ, ಬೂಟಿನ ಆ ಹೊತ್ತಿನಲ್ಲಿ ಅದನ್ನು ಎಚ್ಚರಿಸುವ ವಾಚ್‌ಡಾಗ್ ಕೂಡ ಇರುವುದಿಲ್ಲ. ಲಿನಕ್ಸಿನ ಸಾಮಾನ್ಯ ಲೂಪ್ ಇದಕ್ಕೆಂದೇ ಸೊನ್ನೆ ಉದ್ದವನ್ನು ಕಂಡ ಕೂಡಲೇ ದೋಷ ಹೇಳಿ ಹೊರಬರುತ್ತದೆ. ಹೊಸದಾಗಿ ಬರೆದ ಲೂಪಿನಲ್ಲಿ ಸೊನ್ನೆಯನ್ನಷ್ಟೇ ತಡೆದರೆ ಸಾಲದು. ಉದ್ದ 1 ಎಂದಿದ್ದರೆ ಪಾಯಿಂಟರ್ ಒಂದೇ ಬೈಟ್ ಸರಿದು, ಹಿಂದಿನ ನಮೂದಿನ ಉದ್ದವನ್ನು ಮುಂದಿನದರ ಬಗೆ ಎಂದು ಓದುತ್ತದೆ. ನಮೂದಿನ ಶಿರೋಭಾಗದಷ್ಟಾದರೂ ಉದ್ದ ಇರಲೇಬೇಕೆಂಬ ತಪಾಸಣೆ ಎರಡನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಎಚ್‌ಎಂಎಟಿಯಲ್ಲಿ ಈ ಶಿರೋಭಾಗ 2 ಬೈಟ್ ಬದಲು 8 ಬೈಟಿನದು, ಉದ್ದದ ಫೀಲ್ಡ್ 4 ಬೈಟಿನದು. ಒಂದು ಕೋಷ್ಟಕಕ್ಕೆ ಬರೆದ ಲೂಪನ್ನು ಇನ್ನೊಂದಕ್ಕೆ ನಕಲು ಮಾಡಿದ ಪ್ಯಾಚ್ ಕಂಡಾಗ ಇದನ್ನು ನೆನಪಿಡಿ.

ಸ್ಟ್ರಕ್ಚರಿಗೆ ಸಾಲಬೇಕು ಎಂದೆನಷ್ಟೆ, ಸಮವಾಗಿರಬೇಕು ಎನ್ನಲಿಲ್ಲ. ಸ್ಪೆಸಿಫಿಕೇಶನ್ ಬೆಳೆದಂತೆ ನಮೂದುಗಳ ಕೊನೆಗೆ ಹೊಸ ಫೀಲ್ಡ್‌ಗಳು ಸೇರುತ್ತವೆ. ಇಂಟರಪ್ಟ್ ನಿಯಂತ್ರಕಗಳನ್ನು ವಿವರಿಸುವ ಎಂಎಡಿಟಿ ಕೋಷ್ಟಕದಲ್ಲಿ, ಆರ್ಮ್ ಪ್ರೊಸೆಸರಿನ ಜಿಐಸಿಸಿ ನಮೂದು ಎಸಿಪಿಐ 5.1ರಲ್ಲಿ 76 ಬೈಟ್ ಇದ್ದದ್ದು 6.0ರಲ್ಲಿ 80 ಆಯಿತು. ಕರ್ನಲ್ಲಿನ ಸ್ಟ್ರಕ್ಚರ್ ಹೊಸ ಅಳತೆಗೆ ಬೆಳೆದ ಕೂಡಲೇ, ಸ್ಟ್ರಕ್ಚರಿನ ಗಾತ್ರವನ್ನೇ ಅಳತೆಗೋಲಾಗಿಟ್ಟ ತಪಾಸಣೆ ಹಳೆಯ ಫರ್ಮ್‌ವೇರ್ ಇರುವ, ನೆಟ್ಟಗೆ ಓಡುತ್ತಿದ್ದ ಯಂತ್ರಗಳ ನಮೂದುಗಳನ್ನೆಲ್ಲ ತಳ್ಳಿಹಾಕುತ್ತದೆ. ಹಾಗಾಗಿ ಕೇಳಬೇಕಾದದ್ದು ಇದು: ಈ ಕೋಡ್ ನಿಜವಾಗಿ ಓದುವ ಕೊನೆಯ ಫೀಲ್ಡ್ ಎಲ್ಲಿ ಮುಗಿಯುತ್ತದೆ, ಆ ಪರಿಷ್ಕರಣೆಗೆ ಕನಿಷ್ಠ ಉದ್ದ ಎಷ್ಟು? ಅದಕ್ಕಿಂತ ಚಿಕ್ಕದನ್ನು ತಿರಸ್ಕರಿಸಿ, ದೊಡ್ಡದನ್ನು ಸಹಿಸಿಕೊಳ್ಳಿ.

ಹಂತ 4: ಕೂಡು, ಗುಣಿಸು, ಸರಿಸು ಇದ್ದಲ್ಲೆಲ್ಲ ನಿಲ್ಲಿ

ಆರಂಭದ ವಿಳಾಸಕ್ಕೆ ಉದ್ದ ಕೂಡಿದರೆ ಅಂತ್ಯ ಸಿಗುತ್ತದೆ. ಎರಡೂ 64 ಬಿಟ್ ಸಂಖ್ಯೆಗಳು, ಎರಡೂ ಫರ್ಮ್‌ವೇರಿನ ಹೇಳಿಕೆಗಳು. ಮೊತ್ತ ಸುತ್ತಿಕೊಂಡು ಆರಂಭಕ್ಕಿಂತ ಚಿಕ್ಕದಾಗಬಹುದು. ಕೂಡಿದ ಮೇಲೆ ಅಂತ್ಯ ಆರಂಭಕ್ಕಿಂತ ಚಿಕ್ಕದೇ ಎಂದು ನೋಡುವುದು ಒಂದು ದಾರಿ, ಮಿತಿಯಿಂದ ಆರಂಭವನ್ನು ಕಳೆದು ಉದ್ದ ಅದಕ್ಕಿಂತ ದೊಡ್ಡದೇ ಎಂದು ಮೊದಲೇ ನೋಡುವುದು ಇನ್ನೊಂದು. ಎರಡನೆಯದು ಓದುವವರಿಗೆ ಸ್ಪಷ್ಟ ಎಂಬ ಕಾರಣಕ್ಕೆ ನಾನು ಅದನ್ನೇ ಸೂಚಿಸುತ್ತೇನೆ.

ಯುಇಎಫ್‌ಐ ನಕ್ಷೆ ಉದ್ದವನ್ನು 4096 ಬೈಟ್‌ಗಳ ಪುಟಗಳಲ್ಲಿ ಹೇಳುತ್ತದೆ. ಪುಟಗಳ ಸಂಖ್ಯೆ 2ರ 52ನೇ ಘಾತವಾಗಿದ್ದರೆ ಬೈಟ್‌ಗಳಿಗೆ ಪರಿವರ್ತಿಸಿದಾಗ 64 ಬಿಟ್‌ಗಳಲ್ಲಿ ಉಳಿಯುವುದು ಸೊನ್ನೆ. ಲಿನಕ್ಸ್ ಇಂಥ ನಮೂದುಗಳನ್ನು, ಪುಟಗಳೇ ಇಲ್ಲದ ನಮೂದುಗಳನ್ನು ಮತ್ತು ಅಂತ್ಯ ಸುತ್ತಿಕೊಳ್ಳುವ ನಮೂದುಗಳನ್ನು ನಕ್ಷೆಯಿಂದ ತೆಗೆದುಹಾಕಿ ಫರ್ಮ್‌ವೇರ್ ದೋಷವೆಂದು ದಾಖಲಿಸುತ್ತದೆ. ಎಸ್‌ಎಲ್‌ಐಟಿಯಲ್ಲಿ ಇದೇ ಅಪಾಯ ಗುಣಾಕಾರದ ರೂಪದಲ್ಲಿದೆ. ಅಲ್ಲಿ ವಲಯಗಳ ಎಣಿಕೆ 64 ಬಿಟ್ ಸಂಖ್ಯೆ, ಅದರ ವರ್ಗದಷ್ಟು ಬೈಟ್‌ಗಳ ದೂರದ ಪಟ್ಟಿ 44ನೇ ಆಫ್‌ಸೆಟ್‌ನಿಂದ ಆರಂಭ. ಎಣಿಕೆ 2ರ 32ನೇ ಘಾತ ಎಂದು ಬರೆದಿದ್ದರೆ ಅದರ ವರ್ಗ 64 ಬಿಟ್‌ಗಳಲ್ಲಿ ಸೊನ್ನೆಯಾಗುತ್ತದೆ. 44 ಬೈಟ್ ಉದ್ದದ ಕೋಷ್ಟಕ ಉದ್ದದ ತಪಾಸಣೆಯನ್ನು ಸಲೀಸಾಗಿ ದಾಟುತ್ತದೆ. ಗುಣಿಸುವ ಮೊದಲೇ ಎಣಿಕೆಗೊಂದು ಮಿತಿ ಹಾಕಿರಬೇಕು, ಇಲ್ಲವೇ ಓವರ್‌ಫ್ಲೋ ಗುರುತಿಸುವ ಸಹಾಯಕ ಫಂಕ್ಷನ್ ಬಳಸಿರಬೇಕು.

32 ಬಿಟ್ ಕರ್ನಲ್ಲನ್ನು ಮರೆಯಬೇಡಿ. ಪಿಎಇ (32 ಬಿಟ್ ಪ್ರೊಸೆಸರಿನ ವಿಸ್ತೃತ ವಿಳಾಸ ವ್ಯವಸ್ಥೆ) ಇರುವ ಯಂತ್ರದಲ್ಲಿ ಭೌತಿಕ ವಿಳಾಸ 32 ಬಿಟ್‌ಗಳನ್ನು ಮೀರುತ್ತದೆ, ಆದರೆ ಪಾಯಿಂಟರಿನ ಅಗಲದ ಪೂರ್ಣಾಂಕ 32 ಬಿಟ್ ಮಾತ್ರ. 4 ಗಿಗಾಬೈಟ್ ವಿಳಾಸವನ್ನು ಅಂಥ ಚರದಲ್ಲಿಟ್ಟರೆ ಅದು ಸೊನ್ನೆಯಾಗಿ, ಮೇಲಿದ್ದ ಮೆಮೊರಿ ಸೊನ್ನೆ ವಿಳಾಸದ ಮೇಲೆ ಬಂದು ಕೂರುತ್ತದೆ.

ಅಂತ್ಯವೆಂದರೆ ಕೊನೆಯ ಬೈಟೇ, ಕೊನೆಯದರ ನಂತರದ ಬೈಟೇ ಎಂಬುದನ್ನು ಪ್ರತಿ ಫಂಕ್ಷನ್ನಿನ ಗಡಿಯಲ್ಲೂ ಕೇಳಿ. ಬೂಟ್ ಸಂದೇಶಗಳಲ್ಲಿ ಲಿನಕ್ಸ್ ಮುದ್ರಿಸುವುದು ಕೊನೆಯ ಬೈಟನ್ನು. ಒಳಗಿನ ಬಹುತೇಕ ಫಂಕ್ಷನ್‌ಗಳು ತೆಗೆದುಕೊಳ್ಳುವುದು ಆರಂಭ ಮತ್ತು ಗಾತ್ರವನ್ನು, ಇಲ್ಲವೇ ಕೊನೆಯದರ ನಂತರದ ವಿಳಾಸವನ್ನು. ಉದ್ದ ಸೊನ್ನೆ ಇರುವಾಗ ಆರಂಭಕ್ಕೆ ಉದ್ದ ಕೂಡಿ ಒಂದು ಕಳೆದರೆ ಅಂತ್ಯ ಆರಂಭಕ್ಕಿಂತ ಹಿಂದೆ ಹೋಗುತ್ತದೆ.

ಪುಟಕ್ಕೆ ಹೊಂದಿಸುವ ದಿಕ್ಕು ಇನ್ನೂ ಮುಖ್ಯ. ಕ್ಯೂಎಮು ಎಂಬ ಎಮ್ಯುಲೇಟರಿನ ಯಂತ್ರದಲ್ಲಿ ಸೀಬಯಾಸ್ ಎಂಬ ಬಯಾಸ್ ಕೊಡುವ ಇ820 ನಕ್ಷೆಯ ಮೊದಲ ಸಾಲು 0ಯಿಂದ 654335ನೇ ಬೈಟಿನವರೆಗೆ ಬಳಸಬಹುದು ಎನ್ನುತ್ತದೆ, ಅಂದರೆ ಸರಿಯಾಗಿ 639 ಕಿಲೋಬೈಟ್. ಮುಂದಿನ 1 ಕಿಲೋಬೈಟ್ ಬಯಾಸಿಗೆ ಮೀಸಲು. 639 ಎಂಬುದು 4ರಿಂದ ಭಾಗವಾಗುವುದಿಲ್ಲ. 636ರಲ್ಲಿ ಆರಂಭವಾಗುವ ಪುಟದ 3 ಕಿಲೋಬೈಟ್ ಬಳಸಬಹುದಾದದ್ದು, ಕೊನೆಯ 1 ಕಿಲೋಬೈಟ್ ಮುಟ್ಟಬಾರದ್ದು. ಬಳಸಬಹುದಾದ ವ್ಯಾಪ್ತಿಯನ್ನು ಒಳಮುಖವಾಗಿ ಹೊಂದಿಸಿದರೆ 159 ಪುಟ ಸಿಗುತ್ತವೆ, ಬಯಾಸಿನ ಜಾಗ ಸುರಕ್ಷಿತ. ಹೊರಮುಖವಾಗಿ ಹೊಂದಿಸಿದರೆ 160 ಪುಟ, ಮತ್ತು ಯಾವುದೋ ಪ್ರಕ್ರಿಯೆ ಬಯಾಸಿನ ದತ್ತಾಂಶದ ಮೇಲೆ ಬರೆಯುತ್ತದೆ. ಲಿನಕ್ಸ್ 2021ರಿಂದ ಮೊದಲ 1 ಮೆಗಾಬೈಟನ್ನು ಪೂರ್ತಿಯಾಗಿ ಕಾಯ್ದಿರಿಸುವುದರಿಂದ ಅಲ್ಲಿ ಈ ನಿರ್ದಿಷ್ಟ ಪುಟ ಈಗ ಅಪಾಯದಲ್ಲಿಲ್ಲ. ಆದರೆ ಇದೇ ಲೆಕ್ಕ ಮೇಲಿನ ವಿಳಾಸಗಳಲ್ಲೂ ನಡೆಯುತ್ತದೆ. ಬಳಸಬಹುದಾದದ್ದು ಒಳಕ್ಕೆ, ಮೀಸಲಾದದ್ದು ಹೊರಕ್ಕೆ: ಪ್ಯಾಚಿನಲ್ಲಿ ಈ ಎರಡು ದಿಕ್ಕುಗಳು ಅದಲುಬದಲಾಗಿದ್ದರೆ ಮುಂದಿನದನ್ನು ಓದುವ ಮೊದಲೇ ಬರೆದು ಕಳುಹಿಸಿ.

ಹಂತ 5: ಯುಇಎಫ್‌ಐ ನಕ್ಷೆಯಲ್ಲಿ ಹೆಜ್ಜೆಯ ಅಳತೆ ನೋಡಿ

ಯುಇಎಫ್‌ಐ ನಕ್ಷೆಯ ನಮೂದಿನಲ್ಲಿ ಬಗೆ, ಭೌತಿಕ ವಿಳಾಸ, ವರ್ಚುವಲ್ ವಿಳಾಸ, ಪುಟಗಳ ಸಂಖ್ಯೆ, ಗುಣಲಕ್ಷಣಗಳು ಸೇರಿ 40 ಬೈಟ್. ಆದರೆ ಫರ್ಮ್‌ವೇರ್ ನಮೂದಿನ ಗಾತ್ರವನ್ನು ಪ್ರತ್ಯೇಕವಾಗಿ ಹೇಳುತ್ತದೆ, ಸಾಮಾನ್ಯವಾಗಿ ಕಾಣಸಿಗುವುದು 48. ನಕ್ಷೆಯನ್ನು 40 ಬೈಟ್‌ಗಳ ಅರೇ ಎಂದು ತಿಳಿದು ಸೂಚ್ಯಂಕದಿಂದ ಓದುವ ಕೋಡ್ ಮೊದಲ ನಮೂದನ್ನು ಸರಿಯಾಗಿ ಓದಿ, ಎರಡನೆಯದನ್ನು 48ರ ಬದಲು 40ರಿಂದ ಓದುತ್ತದೆ. 240ನೇ ಬೈಟಿನಲ್ಲಿ ಎರಡೂ ಲೆಕ್ಕಗಳು ಮತ್ತೆ ಕೂಡುವುದರಿಂದ, ನಡುವೆ ಒಂದೊಂದು ನಮೂದು ಪೂರ್ತಿ ನಿಜವಾಗಿ ಕಾಣುತ್ತದೆ; ಔಟ್‌ಪುಟನ್ನು ಮೇಲಿಂದ ಮೇಲೆ ನೋಡಿದವರಿಗೆ ಫರ್ಮ್‌ವೇರೇ ಕೆಟ್ಟಿದೆ ಎನ್ನಿಸುವಂಥ ಚಿತ್ರ ಇದು. ಫರ್ಮ್‌ವೇರ್ ಹೇಳಿದ ಗಾತ್ರದಿಂದಲೇ ಹೆಜ್ಜೆ ಇಡಬೇಕು, ಆ ಗಾತ್ರ 40ಕ್ಕಿಂತ ಕಡಿಮೆಯಿದ್ದರೆ ನಕ್ಷೆಯನ್ನು ಒಪ್ಪಬಾರದು.

ನಕ್ಷೆಯನ್ನು ಪಡೆಯುವ ಭಾಗ ಪ್ಯಾಚಿನಲ್ಲಿದ್ದರೆ ಇನ್ನೊಂದು ಸೂಕ್ಷ್ಮವಿದೆ. ನಕ್ಷೆಗಾಗಿ ಬಫರ್ ಹಂಚಿದ ಕ್ರಿಯೆಯೇ ನಕ್ಷೆಯನ್ನು ಬದಲಿಸಬಹುದು, ಆದ್ದರಿಂದ ಕೇಳಿದ ಗಾತ್ರಕ್ಕಿಂತ ಕೆಲವು ನಮೂದುಗಳಷ್ಟು ಹೆಚ್ಚು ಜಾಗ ಇಟ್ಟಿರಬೇಕು. ನಕ್ಷೆಯ ಜೊತೆಗೆ ಫರ್ಮ್‌ವೇರ್ ಒಂದು ಕೀಲಿಯನ್ನೂ ಕೊಡುತ್ತದೆ; ಬೂಟ್ ಸೇವೆಗಳನ್ನು ಮುಗಿಸುವ ಕರೆಗೆ ಹಳೆಯ ಕೀಲಿ ಕೊಟ್ಟರೆ ಅದು ವಿಫಲವಾಗುತ್ತದೆ. ಆಗ ನಕ್ಷೆಯನ್ನು ಮತ್ತೆ ಪಡೆದು ಮತ್ತೆ ಕರೆಯುವ ದಾರಿ ಕೋಡಿನಲ್ಲಿರಬೇಕು.

ಹಂತ 6: ರೂಪ ಸರಿಯಿದ್ದೂ ಅರ್ಥ ಸುಳ್ಳಾದ ಕೋಷ್ಟಕಗಳನ್ನು ಯೋಚಿಸಿ

ಗಡಿ ಮೀರಿದ ಓದು ಕೆಟ್ಟದ್ದೇ, ಆದರೆ ಉಪಕರಣಗಳು ಅದನ್ನು ಒಮ್ಮೆಯಾದರೂ ಹಿಡಿದಾವು. ಎಲ್ಲ ಉದ್ದಗಳೂ ಸರಿಯಿದ್ದು, ಒಂದು ಸಾಧನದ ರಿಜಿಸ್ಟರ್‌ಗಳಿರುವ ವ್ಯಾಪ್ತಿಯನ್ನು ಸಾಮಾನ್ಯ ಮೆಮೊರಿ ಎಂದು ಕರೆದಿರುವ ಕೋಷ್ಟಕವನ್ನು ಯಾವ ಉಪಕರಣವೂ ಹಿಡಿಯದು.

ತಿಳಿಯದ ಬಗೆ ಸಂಖ್ಯೆ ಬಂದಾಗ ಕೋಡ್ ಏನು ಮಾಡುತ್ತದೆ ಎಂದು ಮೊದಲು ನೋಡಿ. ಸ್ವಿಚ್ಚಿನ ಕೊನೆಯ ದಾರಿ ಅದನ್ನು ಬಳಸಬಹುದಾದ ಮೆಮೊರಿ ಎನ್ನಬಾರದು, ಗೊತ್ತಿಲ್ಲದ್ದು ಮೀಸಲು. ಬಗೆ ಗೊತ್ತಿದ್ದರೂ ಗುಣಲಕ್ಷಣಗಳು ಅರ್ಥವನ್ನು ಬದಲಿಸಬಹುದು: ಯುಇಎಫ್‌ಐಯಲ್ಲಿ ಸಾಮಾನ್ಯ ಮೆಮೊರಿ ಎಂಬ ಬಗೆಯ ಜೊತೆಗೇ ವಿಶೇಷ ಉದ್ದೇಶದ್ದು ಎಂಬ ಬಿಟ್ ಇರಬಹುದು, ಆಗ ಅದನ್ನು ಸಾಮಾನ್ಯ ಹಂಚಿಕೆಗೆ ಬಿಡದೆ ಬದಿಗಿರಿಸಬೇಕೆಂಬುದು ಫರ್ಮ್‌ವೇರಿನ ಕೋರಿಕೆ. ಬಗೆಯನ್ನಷ್ಟೇ ನೋಡುವ ಕೋಡ್ ಇದನ್ನು ಕಾಣುವುದಿಲ್ಲ.

ನಮೂದುಗಳು ಕ್ರಮದಲ್ಲಿರಬೇಕಿಲ್ಲ, ಒಂದರ ಮೇಲೊಂದು ಬೀಳಬಹುದು. ಲಿನಕ್ಸ್ ಇ820 ನಕ್ಷೆಯನ್ನು ವಿಂಗಡಿಸಿ, ಅತಿಕ್ರಮಣ ಇದ್ದಲ್ಲಿ ಹೆಚ್ಚಿನ ಬಗೆ ಸಂಖ್ಯೆಯನ್ನು ಗೆಲ್ಲಿಸುತ್ತದೆ. ಬಳಸಬಹುದಾದದ್ದು 1, ಮೀಸಲು 2 ಆಗಿರುವುದರಿಂದ ಜಗಳದಲ್ಲಿ ಮೀಸಲೇ ಉಳಿಯುತ್ತದೆ. ಹೊಸ ಬಗೆಯೊಂದನ್ನು ಸೇರಿಸುವ ಪ್ಯಾಚ್ ಬಂದರೆ, ಆ ಸಂಖ್ಯೆ ಈ ಪಂಕ್ತಿಯಲ್ಲಿ ಎಲ್ಲಿ ಕೂರುತ್ತದೆ ಎಂದು ಕೇಳಲೇಬೇಕು.

ಕೊನೆಗೆ, ಕೋಷ್ಟಕಗಳನ್ನು ಒಂದಕ್ಕೊಂದು ಎದುರುಬದುರು ಇಟ್ಟು ನೋಡಿ. ಎಸ್‌ಆರ್‌ಎಟಿ ಹೇಳುವ ವ್ಯಾಪ್ತಿಗಳು ಇ820 ಅಥವಾ ಯುಇಎಫ್‌ಐ ಹೇಳುವ ಮೆಮೊರಿಯನ್ನು ಪೂರ್ತಿ ಆವರಿಸುತ್ತವೆಯೇ? ಸಕ್ರಿಯ ಫ್ಲ್ಯಾಗ್ ಇಲ್ಲದ ನಮೂದನ್ನು ಬಿಡಲಾಗಿದೆಯೇ? ಹಾಟ್‌ಪ್ಲಗ್ ವ್ಯಾಪ್ತಿಯಲ್ಲಿ ಇನ್ನೂ ಮೆಮೊರಿಯೇ ಇಲ್ಲದಿರಬಹುದು ಎಂಬುದು ಕೋಡಿಗೆ ಗೊತ್ತೇ? ಎಸ್‌ಎಲ್‌ಐಟಿಯಲ್ಲಿ ವಲಯಕ್ಕೆ ತನ್ನಿಂದ ತನಗಿರುವ ದೂರ 10 ಆಗಿರಬೇಕು, ಬೇರೆಯವಕ್ಕೆ ಅದಕ್ಕಿಂತ ಹೆಚ್ಚಿರಬೇಕು. ಲಿನಕ್ಸ್ ಇದನ್ನು ಪರೀಕ್ಷಿಸಿ, ತಪ್ಪಿದ್ದರೆ ಕೋಷ್ಟಕವನ್ನೇ ಕೈಬಿಡುತ್ತದೆ.

ಹಂತ 7: ವಿಫಲವಾದಾಗ ಏನಾಗುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಓದಿ

ಇಡೀ ಪರಿಶೀಲನೆಯಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವುದು ಈ ಹಂತ. ದೋಷ ಕಂಡ ಮೇಲೆ ಒಂದು ನಮೂದನ್ನು ಬಿಡಬೇಕೇ, ಇಡೀ ಕೋಷ್ಟಕವನ್ನು ಬಿಡಬೇಕೇ ಎಂಬುದಕ್ಕೆ ಎಲ್ಲ ಕೋಷ್ಟಕಗಳಿಗೂ ಒಂದೇ ಉತ್ತರವಿಲ್ಲ.

ಯುಇಎಫ್‌ಐ ನಕ್ಷೆಯಲ್ಲಿ ಅಸಂಬದ್ಧ ನಮೂದೊಂದನ್ನು ಬಿಟ್ಟರೆ ಅಷ್ಟು ಜಾಗ ಮಾತ್ರ ಕಾಣೆಯಾಗುತ್ತದೆ, ಉಳಿದದ್ದು ನಡೆಯುತ್ತದೆ. ಎಸ್‌ಆರ್‌ಎಟಿಯಲ್ಲಿ ಹಾಗಲ್ಲ. ಅರ್ಧ ನಮೂದುಗಳನ್ನು ನಂಬಿ ಅರ್ಧ ಬಿಟ್ಟರೆ, ಯಾವ ನೋಡಿಗೂ (ಸಾಮೀಪ್ಯ ವಲಯಕ್ಕೆ ಕರ್ನಲ್ಲಿನೊಳಗಿನ ಹೆಸರು) ಸೇರದ ಮೆಮೊರಿ ಉಳಿಯುತ್ತದೆ. ಅದಕ್ಕಿಂತ ಇಡೀ ಯಂತ್ರವನ್ನು ಒಂದೇ ನೋಡ್ ಎಂದು ಭಾವಿಸಿ ಮುಂದುವರಿಯುವುದು ಲೇಸು. ವೇಗ ಕುಗ್ಗೀತು, ದತ್ತಾಂಶ ಉಳಿಯುತ್ತದೆ. ಲಿನಕ್ಸ್ ಕೆಟ್ಟ ಎಸ್‌ಆರ್‌ಎಟಿಯನ್ನು ಪೂರ್ತಿ ಕೈಬಿಡುವುದು ಇದಕ್ಕಾಗಿ. ಇ820 ಕರೆಯಲ್ಲಿ ಬಯಾಸ್ ಪ್ರತಿ ಸಲವೂ ಎಸ್‌ಎಂಎಪಿ ಎಂಬ ಸಹಿಯನ್ನು ಮರಳಿಸಬೇಕು. ಕೆಲವು ಬಯಾಸ್‌ಗಳು ನಡುವೆಯೇ ಅದನ್ನು ನಿಲ್ಲಿಸುತ್ತವೆ. ಆಗ ಕೈಯಲ್ಲಿರುವುದು ಅರ್ಧ ನಕ್ಷೆಯೋ, ಪೂರ್ತಿಯೋ, ಬರೀ ಕಸವೋ ತಿಳಿಯದ ಕಾರಣ ಲಿನಕ್ಸ್ ಅದುವರೆಗೆ ಸಂಗ್ರಹಿಸಿದ್ದೆಲ್ಲವನ್ನೂ ಬಿಟ್ಟು ಹಳೆಯ ವಿಧಾನಗಳಿಗೆ ಇಳಿಯುತ್ತದೆ. ಪ್ಯಾಚ್ ಯಾವ ನೀತಿಯನ್ನು ಆರಿಸಿದೆ, ಏಕೆ ಎಂಬುದು ಅದರ ವಿವರಣೆಯಲ್ಲಿ ಇಲ್ಲದಿದ್ದರೆ ಬರೆಸಿ.

ಬಿಡುವ ನಿರ್ಧಾರಕ್ಕೂ ಮೊದಲು ಆದ ಬದಲಾವಣೆಗಳನ್ನು ಹಿಂದೆಗೆದಿದ್ದಾರೆಯೇ ಎಂಬುದನ್ನೂ ನೋಡಿ. ಐದನೆಯ ನಮೂದಿನಲ್ಲಿ ದೋಷ ಕಂಡರೆ ಮೊದಲ ನಾಲ್ಕು ಆಗಲೇ ನೋಡ್‌ಗಳ ನಕ್ಷೆಯನ್ನು ತುಂಬಿರುತ್ತವೆ. ಹಾಗೆಯೇ ಫರ್ಮ್‌ವೇರಿನ ತಪ್ಪಿಗೆ ಕರ್ನಲ್ ಪ್ಯಾನಿಕ್ ಆಗಬಾರದು. ಎಚ್ಚರಿಕೆಯ ಮ್ಯಾಕ್ರೋ ಕೂಡ ಪ್ಯಾನಿಕ್ ಆಗುವಂತೆ ಹೊಂದಿಸಿದ ಯಂತ್ರಗಳಿವೆ. ಫರ್ಮ್‌ವೇರ್ ದೋಷ ಎಂಬ ಪೂರ್ವಪದದೊಂದಿಗೆ ಒಂದು ಸಾಲಿನ ಸಂದೇಶ ಸಾಕು, ಆದರೆ ಅದರಲ್ಲಿ ಕೋಷ್ಟಕದ ಹೆಸರು, ನಮೂದಿನ ಆಫ್‌ಸೆಟ್, ತಪ್ಪಾದ ಮೌಲ್ಯ ಮೂರೂ ಇರಬೇಕು. ಆ ಒಂದು ಸಾಲಿನಿಂದಲೇ ದೂರದ ಊರಿನ ಯಾರದೋ ಯಂತ್ರದ ಸಮಸ್ಯೆಯನ್ನು ಬಿಡಿಸಬೇಕಾಗುತ್ತದೆ.

ಹಂತ 8: ಫರ್ಮ್‌ವೇರ್ ಶತ್ರುವಾಗಬಹುದೇ ಎಂದು ಕೇಳಿ

ಮಾಮೂಲಿ ಯಂತ್ರದಲ್ಲಿ ಫರ್ಮ್‌ವೇರ್ ತಪ್ಪು ಮಾಡಬಹುದು, ದಾಳಿ ಮಾಡುವುದಿಲ್ಲ ಎಂಬ ನಂಬಿಕೆ ಇರುತ್ತದೆ. ಎಎಂಡಿಯ ಎಸ್‌ಇವಿ-ಎಸ್‌ಎನ್‌ಪಿ, ಇಂಟೆಲ್‌ನ ಟಿಡಿಎಕ್ಸ್ ಮುಂತಾದ ಗೋಪ್ಯ ವರ್ಚುವಲ್ ಯಂತ್ರಗಳಲ್ಲಿ ಹೋಸ್ಟನ್ನು (ಅವನ್ನು ಓಡಿಸುವ ಯಂತ್ರವನ್ನು) ನಂಬುವಂತಿಲ್ಲ, ಆದರೆ ಎಸಿಪಿಐ ಕೋಷ್ಟಕಗಳ ಮೂಲ ಹೋಸ್ಟೇ ಆಗಿರಬಹುದು. ಅಲ್ಲಿ ಮೇಲಿನ ಪ್ರತಿಯೊಂದು ತಪ್ಪೂ ಭದ್ರತಾ ದೋಷ. ಚೆಕ್‌ಸಮ್ ಎಂದರೆ ಎಲ್ಲ ಬೈಟ್‌ಗಳ ಮೊತ್ತ 256ರಿಂದ ಭಾಗಿಸಿದಾಗ ಶೇಷ ಸೊನ್ನೆ ಎಂಬುದಷ್ಟೇ. ಯಾರು ಬೇಕಾದರೂ ಹೊಂದಿಸಬಹುದು. ಇನ್ನು ಮೆಮೊರಿಯನ್ನು ಹೋಸ್ಟ್ ಹಂಚಿಕೊಂಡಿದ್ದರೆ, ಉದ್ದವನ್ನು ಒಮ್ಮೆ ತಪಾಸಣೆಗೆ ಓದಿ ಮತ್ತೊಮ್ಮೆ ಬಳಕೆಗೆ ಓದುವ ನಡುವೆ ಅದು ಬದಲಾಗಬಹುದು. ಮೊದಲು ಖಾಸಗಿ ಜಾಗಕ್ಕೆ ನಕಲು, ನಂತರ ತಪಾಸಣೆ, ನಂತರ ಬಳಕೆ.

ಹಂತ 9: ಸುಳ್ಳು ಕೋಷ್ಟಕಗಳನ್ನು ನಿಜವಾಗಿ ಓಡಿಸಿ

ಓಡುತ್ತಿರುವ ಲಿನಕ್ಸ್ ಯಂತ್ರದಲ್ಲಿ ಎಸಿಪಿಐ ಕೋಷ್ಟಕಗಳು ಸಿಸ್‌ಎಫ್‌ಎಸ್‌ನ ಫರ್ಮ್‌ವೇರ್ ವಿಭಾಗದಲ್ಲಿ ಕಡತಗಳಾಗಿ ಸಿಗುತ್ತವೆ. ಐಎಎಸ್‌ಎಲ್ ಉಪಕರಣದಿಂದ ಅವನ್ನು ಪಠ್ಯಕ್ಕೆ ಇಳಿಸಿ, ತಿದ್ದಿ, ಮತ್ತೆ ಕಂಪೈಲ್ ಮಾಡಿದರೆ ಚೆಕ್‌ಸಮ್ ಅದೇ ಹೊಂದಿಸುತ್ತದೆ. ಉದ್ದದ ಬೈಟ್‌ಗಳನ್ನು ಕೆಡಿಸಬೇಕಾದರೆ ಹೆಕ್ಸ್ ಎಡಿಟರ್ ಬಳಸಿ, ಚೆಕ್‌ಸಮ್ ಬೈಟನ್ನು ನೀವೇ ಸರಿಪಡಿಸಿ. ತಿದ್ದಿದ ಕೋಷ್ಟಕವನ್ನು ಇನಿಟ್‌ಆರ್‌ಡಿಯ (ಬೂಟಿನಲ್ಲಿ ಕರ್ನಲ್ ಜೊತೆ ಲೋಡ್ ಆಗುವ ಕಡತ ಸಂಗ್ರಹದ) ಮುಂದೆ ಸಂಕುಚಿಸದ ಸಿಪಿಐಒ ಸಂಗ್ರಹವಾಗಿ ಸೇರಿಸಿದರೆ, ಈ ಸೌಲಭ್ಯವನ್ನು ಸೇರಿಸಿ ಕಂಪೈಲ್ ಮಾಡಿದ ಕರ್ನಲ್ ಅದನ್ನು ಬಳಸುತ್ತದೆ. ತಯಾರಕರ ಪರಿಷ್ಕರಣೆ ಸಂಖ್ಯೆ ಮೂಲಕ್ಕಿಂತ ಹೆಚ್ಚಿರಬೇಕು ಎಂಬುದನ್ನು ಮರೆತರೆ ಹಳೆಯದೇ ಓಡುತ್ತದೆ, ಪರೀಕ್ಷೆ ಸುಮ್ಮನೆ ಗೆದ್ದಂತೆ ತೋರುತ್ತದೆ. ಇದೆಲ್ಲವನ್ನೂ ಕ್ಯೂಎಮುವಿನಲ್ಲೇ ಮಾಡಿ, ನ್ಯೂಮಾ ನೋಡ್‌ಗಳನ್ನು ಬೇಕಾದಂತೆ ಅಲ್ಲಿ ಕಟ್ಟಬಹುದು. ಮೆಮ್‌ಬ್ಲಾಕಿನ (ಬೂಟಿನ ಆರಂಭದಲ್ಲಿ ಮೆಮೊರಿಯ ಲೆಕ್ಕ ಇಡುವ ತಾತ್ಕಾಲಿಕ ವ್ಯವಸ್ಥೆಯ) ಡಿಬಗ್ ಸಂದೇಶಗಳನ್ನು ತೆರೆದಿಟ್ಟು, ಪ್ಯಾಚಿನ ಮೊದಲಿನ ಮತ್ತು ನಂತರದ ಬೂಟ್ ದಾಖಲೆಗಳನ್ನು ಸಾಲು ಸಾಲಾಗಿ ಹೋಲಿಸಿ.

ಯಂತ್ರ ಬೂಟ್ ಆಯಿತು ಎಂಬುದು ಮಾತ್ರ ಪುರಾವೆಯಲ್ಲ. ಮ್ಯಾಪಿಂಗ್ ಪುಟದ ಲೆಕ್ಕದಲ್ಲಿ ನಡೆಯುವುದರಿಂದ ಹಂತ 3ರ ಆ 28 ಬೈಟ್‌ಗಳ ಓದು ಅದೇ ಪುಟದೊಳಗೆ ಬಿದ್ದು ಯಾವ ಫಾಲ್ಟೂ ಬರುವುದಿಲ್ಲ, ಮತ್ತು ಮೆಮೊರಿ ತಪ್ಪುಗಳನ್ನು ಹಿಡಿಯುವ ಕಸನ್‌ನಂಥ ಉಪಕರಣ ಬೂಟಿನ ಅತ್ಯಾರಂಭದಲ್ಲಿ ಇನ್ನೂ ಸಜ್ಜಾಗಿರುವುದಿಲ್ಲ. ಆದ್ದರಿಂದ ಪಾರ್ಸ್ ಮಾಡುವ ಭಾಗವನ್ನು, ಪಾಯಿಂಟರ್ ಮತ್ತು ಉದ್ದ ಮಾತ್ರ ತೆಗೆದುಕೊಳ್ಳುವ ಶುದ್ಧ ಫಂಕ್ಷನ್ ಆಗಿ ಬೇರ್ಪಡಿಸುವಂತೆ ಪ್ಯಾಚ್ ಬರೆದವರನ್ನು ಕೇಳಿ. ಆಗ ಅದನ್ನು ಯೂಸರ್‌ಸ್ಪೇಸಿನಲ್ಲಿ ಕಂಪೈಲ್ ಮಾಡಿ, ಕೋಷ್ಟಕದ ಕೊನೆಯ ಬೈಟ್ ಒಂದು ಪುಟದ ಕೊನೆಯ ಬೈಟಾಗುವಂತೆ ಇಟ್ಟು, ಮುಂದಿನ ಪುಟವನ್ನು ಓದಲಾಗದಂತೆ ಮುಚ್ಚಿ, ಫಝರ್ (ಅಡ್ಡಾದಿಡ್ಡಿ ದತ್ತಾಂಶ ಉಣಿಸಿ ಪರೀಕ್ಷಿಸುವ ಉಪಕರಣ) ಹಚ್ಚಬಹುದು. ಒಂದೇ ಬೈಟ್ ಆಚೆ ಓದಿದರೂ ಅಲ್ಲೇ ಬೀಳುತ್ತದೆ.

ಹಂತ 10: ಪರಿಶೀಲನೆಯನ್ನು ಬರೆಯಿರಿ

ಇಲ್ಲಿ ಗಡಿ ತಪಾಸಣೆ ಬೇಕು ಎಂದಷ್ಟೇ ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಒಟ್ಟು ಉದ್ದ 100, ಎರಡನೆಯ ನಮೂದು 88ರಲ್ಲಿ, ಅದರ ಉದ್ದ 40, ಓದು 128ರವರೆಗೆ ಎಂದು ಬೈಟ್‌ಗಳಲ್ಲಿ ಬರೆಯಿರಿ, ಸಾಧ್ಯವಿದ್ದರೆ ಆ ಕೋಷ್ಟಕವನ್ನೇ ಲಗತ್ತಿಸಿ. ಬದಲಾಗಲೇಬೇಕಾದದ್ದನ್ನೂ ನಿಮ್ಮ ಅಭಿರುಚಿಯನ್ನೂ ಬೆರೆಸಬೇಡಿ.

ಕಠಿಣ ತಪಾಸಣೆ ಕೇಳುವಾಗ ಅದರ ಬೆಲೆಯನ್ನೂ ತೂಗಿ. ನಿನ್ನೆಯವರೆಗೆ ಬೂಟ್ ಆಗುತ್ತಿದ್ದ ಯಂತ್ರ ನಿಮ್ಮ ತಪಾಸಣೆಯಿಂದ ನಾಳೆ ನಿಂತರೆ, ತಪ್ಪು ಫರ್ಮ್‌ವೇರಿನದೆಂದು ಹೇಳಿ ಕರ್ನಲ್ ಕೈತೊಳೆದುಕೊಳ್ಳಲಾಗದು. ಚೆಕ್‌ಸಮ್ ತಪ್ಪಿದ ಕೋಷ್ಟಕವನ್ನು ಕಂಡರೆ ಎಸಿಪಿಐಸಿಎ (ಎಸಿಪಿಐ ಓದಲು ಲಿನಕ್ಸ್ ಬಳಸುವ ಹೊರಗಿನ ಯೋಜನೆ) ಕೋಡ್ ಸಾಮಾನ್ಯವಾಗಿ ಎಚ್ಚರಿಕೆ ಬರೆದು ಮುಂದೆ ಹೋಗುತ್ತದೆ. ಮೆಮೊರಿಯ ಗಡಿ ಮೀರುವುದನ್ನು ಎಂದೂ ಸಹಿಸಬೇಡಿ. ಸ್ಪೆಸಿಫಿಕೇಶನ್ನಿನ ಅಕ್ಷರ ಮೀರುವುದನ್ನು, ಅದರಿಂದ ಹಾನಿಯಿಲ್ಲವೆಂದು ತೋರಿಸಿಕೊಟ್ಟರೆ, ದಾಖಲಿಸಿ ಸಹಿಸಿ.

ಕೋಷ್ಟಕಗಳ ಸ್ಟ್ರಕ್ಚರ್‌ಗಳಿರುವ ಹೆಡರ್ ಕಡತಗಳನ್ನು ಪ್ಯಾಚ್ ನೇರವಾಗಿ ತಿದ್ದಿದ್ದರೆ, ಅವು ಎಸಿಪಿಐಸಿಎ ಯೋಜನೆಯಿಂದ ಕರ್ನಲ್ಲಿಗೆ ಬರುವಂಥವು, ಬದಲಾವಣೆ ಮೊದಲು ಅಲ್ಲಿಗೆ ಹೋಗಬೇಕು ಎಂದು ತಿಳಿಸಿ. ಹಳೆಯ ದೋಷವನ್ನು ಸರಿಪಡಿಸುವ ಪ್ಯಾಚಾಗಿದ್ದರೆ, ದೋಷ ತಂದ ಕಮಿಟ್ಟನ್ನು ಸೂಚಿಸುವ ಟ್ಯಾಗ್ ಇದೆಯೇ, ಅದು ನಿಜವಾಗಿಯೂ ಆ ಕಮಿಟ್ಟೇ ಎಂದು ನೋಡಿ. ಯಾವ ಸ್ಟೇಬಲ್ (ಹಳೆಯ, ನಿರ್ವಹಣೆಯಲ್ಲಿರುವ) ಶಾಖೆಗಳಿಗೆ ಪ್ಯಾಚ್ ಬೇಕೆಂದು ತಿಳಿಯಲು ಅದು ನೆರವಾಗುತ್ತದೆ.

ಎರಡನೆಯ ಆವೃತ್ತಿ ಬಂದಾಗ ಗಿಟ್‌ನ ರೇಂಜ್-ಡಿಫ್ ಆದೇಶದಿಂದ ಎರಡನ್ನೂ ಹೋಲಿಸಿ, ನೀವು ಕೇಳಿದ್ದು ಮಾತ್ರ ಬದಲಾಗಿದೆಯೇ ಎಂದು ನೋಡಿ, ನಂತರ ಮೊದಲ ಸುತ್ತಿನಲ್ಲಿ ಕಟ್ಟಿದ ಎಲ್ಲ ಸುಳ್ಳು ಕೋಷ್ಟಕಗಳನ್ನೂ ಮತ್ತೊಮ್ಮೆ ಓಡಿಸಿ. ಒಂದು ತಪಾಸಣೆ ಸೇರಿಸುವಾಗ ಲೂಪಿನ ಷರತ್ತು ಸರಿದು, ಸರಿಯಾದ ಕೋಷ್ಟಕದ ಕೊನೆಯ ನಮೂದು ಬಿಟ್ಟುಹೋಗುವುದು ಸಾಮಾನ್ಯ. ಆದ್ದರಿಂದ ಆ ಸಂಗ್ರಹದಲ್ಲಿ, ಕೊನೆಯ ನಮೂದು ಕೋಷ್ಟಕದ ಅಂತ್ಯಕ್ಕೆ ಸರಿಯಾಗಿ ತಾಗಿ ಮುಗಿಯುವ, ಯಾವ ದೋಷವೂ ಇಲ್ಲದ ಒಂದು ಕೋಷ್ಟಕವನ್ನೂ ಇಟ್ಟುಕೊಂಡಿರಿ.